ಗುಡ್ಡದ ಗಾಳಿಯಂತ್ರವೂ ಹಡಗಿನ ಹಾಯಿಯೂ: ಹೊಸದುರ್ಗದ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಸರಕು ಹಡಗುಗಳು ಮತ್ತೆ ಗಾಳಿಯ ನೆರವು ಪಡೆಯುತ್ತಿರುವುದನ್ನು ಕುರಿತು ಹಿಂದಿನ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿತು. ಹೊಸದುರ್ಗದ ಗುಡ್ಡಗಳ ಮೇಲೆ ತಿರುಗುತ್ತಿರುವಂಥ ಗಾಳಿಯಂತ್ರಗಳನ್ನೇ ಹಡಗಿನ ಮೇಲೆ ನಿಲ್ಲಿಸಿ, ಆ ವಿದ್ಯುತ್ತಿನಿಂದ ಹಡಗನ್ನು ಏಕೆ ನಡೆಸಬಾರದು ಎಂದು ಕೇಳಿದ್ದೀರಿ. ಗಾಳಿ ಪುಕ್ಕಟೆಯಾಗಿದ್ದರೂ ಜಗತ್ತು ಹಾಯಿಯನ್ನು ಕೈಬಿಟ್ಟದ್ದೇಕೆ, ಈಗ ಕಂಪನಿಗಳು ಹೇಳುತ್ತಿರುವ ಉಳಿತಾಯ ಬರಿಯ ಪ್ರಚಾರವಲ್ಲವೇ ಎಂದೂ ಕೇಳಿದ್ದೀರಿ. ಕಡಲೇ ಕಾಣದ ಬಯಲುಸೀಮೆಯವರಿಗೆ ಇಂಥ ಲೇಖನದಿಂದ ಏನು ಪ್ರಯೋಜನ ಎಂಬ ಆಕ್ಷೇಪಣೆಯನ್ನೂ ಎತ್ತಿದ್ದೀರಿ. ಪತ್ರಗಳ ಅಂಕಣದಲ್ಲಿ ನಾಲ್ಕು ಸಾಲು ಬರೆದು ಮುಗಿಸುವಂಥ ಪ್ರಶ್ನೆಗಳು ಇವಲ್ಲವಾದ್ದರಿಂದ ಈ ಬಾರಿ ವಿಸ್ತಾರವಾಗಿ ಉತ್ತರಿಸುತ್ತಿದ್ದೇನೆ.

ಗುಡ್ಡದ ಮೇಲಿನ ಗಾಳಿಯಂತ್ರವನ್ನು ಗಾಳಿ ಹಿಂದಕ್ಕೆ ಒತ್ತುತ್ತಲೇ ಇರುತ್ತದೆ. ಆ ಒತ್ತಡವನ್ನು ಕಾಂಕ್ರೀಟಿನ ಅಡಿಪಾಯ ತಾಳಿಕೊಳ್ಳುತ್ತದೆ. ಹಡಗಿನ ಮೇಲೆ ಅದೇ ಯಂತ್ರವನ್ನು ನಿಲ್ಲಿಸಿದರೆ ಆ ಒತ್ತಡವನ್ನು ಹಡಗೇ ತಾಳಬೇಕು, ಎದುರುಗಾಳಿ ಇದ್ದಾಗ ಅದು ಹಡಗನ್ನು ಹಿಂದಕ್ಕೆ ತಳ್ಳುತ್ತದೆ. ಜೊತೆಗೆ ಗಾಳಿಯಿಂದ ವಿದ್ಯುತ್ತು, ವಿದ್ಯುತ್ತಿನಿಂದ ಮೋಟಾರು, ಮೋಟಾರಿನಿಂದ ನೀರನ್ನು ತಳ್ಳುವ ಪ್ರೊಪೆಲ್ಲರ್ ಎಂದು ಶಕ್ತಿ ಕೈಬದಲಾಯಿಸಿದ ಪ್ರತಿಯೊಂದು ಹಂತದಲ್ಲಿಯೂ ಅದರ ಒಂದಷ್ಟು ಪಾಲು ನಷ್ಟವಾಗುತ್ತದೆ. ಹಾಯಿಯಾದರೋ ಗಾಳಿಯ ಒತ್ತಡವನ್ನೇ ನೇರವಾಗಿ ಮುನ್ನಡೆಸುವ ಬಲವನ್ನಾಗಿ ಮಾಡಿಕೊಳ್ಳುತ್ತದೆ. ನಮ್ಮ ಜಿಲ್ಲೆಯ ಓದುಗರು ಗಮನಿಸಬೇಕಾದ ಇನ್ನೊಂದು ಮಾತೂ ಇಲ್ಲಿದೆ. ಗಾಳಿಯಿಂದ ಬಂದ ವಿದ್ಯುತ್ತಿನಲ್ಲಿ ಜಲಜನಕವನ್ನು ತಯಾರಿಸಿ, ಅದನ್ನು ಅಮೋನಿಯಾ ಮಾಡಿ, ಹಡಗಿನ ಎಂಜಿನ್ನಿನಲ್ಲಿ ಉರಿಸುವ ಯೋಜನೆಗಳು ಇಂದು ಸಾಕಷ್ಟಿವೆ. ಆ ದಾರಿಯೂ ಬೇಕು. ಆದರೆ ಆ ಇಂಧನ ಎಣ್ಣೆಗಿಂತ ಬಹಳ ದುಬಾರಿ, ಮತ್ತು ಮೂಲ ವಿದ್ಯುತ್ತಿನ ದೊಡ್ಡ ಪಾಲು ದಾರಿಯಲ್ಲೇ ಕರಗಿಹೋಗುತ್ತದೆ. ಹಾಗಿರುವಾಗ ಕಡಲ ಮೇಲೆ ಬೀಸುತ್ತಿರುವ ಗಾಳಿಯನ್ನು ಅಲ್ಲಿಯೇ ಬಳಸಿ, ದುಬಾರಿ ಇಂಧನದ ಅಗತ್ಯವನ್ನು ಮೊದಲು ತಗ್ಗಿಸಿಕೊಳ್ಳುವುದು ವಿವೇಕವೆಂದು ನಾನು ನಂಬುತ್ತೇನೆ.

ಇಂದಿನ ಹಾಯಿ ಬಟ್ಟೆಯದೇ ಆಗಿರಬೇಕಿಲ್ಲ. ವಿಮಾನದ ರೆಕ್ಕೆಯನ್ನು ನೆಟ್ಟಗೆ ನಿಲ್ಲಿಸಿದಂತಿರುವ ಗಟ್ಟಿ ಹಾಯಿಗಳು ಒಂದು ಬಗೆ, ಮೋಟಾರಿನಿಂದ ತಿರುಗುವ ಎತ್ತರದ ಉರುಳೆಗಂಬಗಳು ಇನ್ನೊಂದು ಬಗೆ. ಎರಡನೆಯದಕ್ಕೆ ರೋಟರ್ ಹಾಯಿ ಎಂಬ ಹೆಸರಿದೆ. ಸ್ಪಿನ್ ಬೌಲರ್ ಎಸೆದ ಚೆಂಡು ಗಾಳಿಯಲ್ಲಿ ಪಕ್ಕಕ್ಕೆ ಬಾಗುವುದಕ್ಕೆ ಕಾರಣವಾದ ಬಲವೇ ಇಲ್ಲಿಯೂ ಕೆಲಸ ಮಾಡುತ್ತದೆ: ತಿರುಗುವ ಕಂಬದ ಒಂದು ಬದಿಯಲ್ಲಿ ಗಾಳಿಯ ವೇಗ ಹೆಚ್ಚಿ ಇನ್ನೊಂದು ಬದಿಯಲ್ಲಿ ತಗ್ಗುವುದರಿಂದ, ಪಕ್ಕದಿಂದ ಬೀಸುವ ಗಾಳಿ ಹಡಗನ್ನು ಮುಂದಕ್ಕೆ ಎಳೆಯುತ್ತದೆ. ಕಂಬವನ್ನು ತಿರುಗಿಸಲು ವಿದ್ಯುತ್ತು ಬೇಕು ನಿಜ, ಆದರೆ ಅನುಕೂಲದ ಗಾಳಿಯಲ್ಲಿ ದೊರೆಯುವ ಬಲದ ಮುಂದೆ ಆ ಖರ್ಚು ಅಲ್ಪ.

ಇದು ಹೊಸ ಶೋಧನೆಯಲ್ಲ, ಮತ್ತು ತಮ್ಮ ಎರಡನೆಯ ಪ್ರಶ್ನೆಗೆ ಉತ್ತರವಿರುವುದು ಈ ಇತಿಹಾಸದಲ್ಲಿಯೇ. ಜರ್ಮನಿಯ ಎಂಜಿನಿಯರ್ ಆಂಟನ್ ಫ್ಲೆಟ್ನರ್ 1924ರಲ್ಲಿ 'ಬುಕಾವ್' ಎಂಬ ಹಡಗಿಗೆ ಇಂಥ ಎರಡು ಕಂಬಗಳನ್ನು ಅಳವಡಿಸಿದರು. ಹೆಸರು ಬದಲಿಸಿಕೊಂಡ ಅದೇ ಹಡಗು 1926ರಲ್ಲಿ ಅಟ್ಲಾಂಟಿಕ್ ದಾಟಿ ನ್ಯೂಯಾರ್ಕ್ ತಲುಪಿತು. ತಂತ್ರ ಸೋಲಲಿಲ್ಲ. ಡೀಸೆಲ್ ಅಗ್ಗವಾಗಿತ್ತು, ಆದ್ದರಿಂದ ಅದು ಹೆಚ್ಚು ಕಾಲ ಮುಂದುವರಿಯಲಿಲ್ಲ. 1970ರ ದಶಕದಲ್ಲಿ ಎಣ್ಣೆಯ ಬೆಲೆ ಗಗನಕ್ಕೇರಿದಾಗ ಜಪಾನ್ ಮತ್ತೆ ಪ್ರಯತ್ನಿಸಿತು. 1980ರಲ್ಲಿ 'ಶಿನ್ ಐತೊಕು ಮಾರು' ಎಂಬ ಟ್ಯಾಂಕರ್ ಎಂಜಿನ್ನಿನ ಜೊತೆಗೆ ಹಾಯಿಯನ್ನೂ ಹೊತ್ತು ಕಡಲಿಗಿಳಿಯಿತು. 1980ರ ದಶಕದ ನಡುವಿನಲ್ಲಿ ಎಣ್ಣೆಯ ಬೆಲೆ ಕುಸಿದದ್ದೇ ಆ ಉತ್ಸಾಹವೂ ತಣ್ಣಗಾಯಿತು. ಗಾಳಿ ಪುಕ್ಕಟೆಯಾದರೂ ಅದನ್ನು ಹಿಡಿಯುವ ಸಾಧನ ಪುಕ್ಕಟೆಯಲ್ಲ. ಎಣ್ಣೆ ಅಗ್ಗವಾದಾಗಲೆಲ್ಲ ಆ ಸಾಧನ ದುಬಾರಿಯಾಗಿ ಕಾಣುತ್ತದೆ. ಎಣ್ಣೆಯ ಹೊಗೆಯಿಂದ ಆಗುವ ಹಾನಿಗೆ ಬೆಲೆ ಕಟ್ಟದೆ ಲೆಕ್ಕ ಹಾಕಿದ್ದರ ಫಲವಿದು.

ಉಳಿತಾಯದ ಲೆಕ್ಕದಲ್ಲಿ, ಮುಂಚಿತವಾಗಿ ಮಾಡಿದ ಅಂದಾಜನ್ನೂ ಕಡಲಿನಲ್ಲಿ ಅಳೆದು ಪಡೆದ ಫಲಿತಾಂಶವನ್ನೂ ಬೇರ್ಪಡಿಸಿ ನೋಡಬೇಕು ಎಂದು ತಾವು ಬರೆದಿರುವುದು ನೂರಕ್ಕೆ ನೂರು ಸರಿ. 'ಮಾರ್ಸ್ಕ್ ಪೆಲಿಕನ್' ಎಂಬ ಟ್ಯಾಂಕರಿಗೆ 2018ರಲ್ಲಿ 30 ಮೀಟರ್ ಎತ್ತರದ ಎರಡು ರೋಟರ್ ಹಾಯಿಗಳನ್ನು ಅಳವಡಿಸಿ ಒಂದು ವರ್ಷ ಅಳತೆ ಮಾಡಲಾಯಿತು; ಇಂಧನದಲ್ಲಿ ಶೇ. 8.2ರಷ್ಟು ಉಳಿತಾಯ ಕಂಡುಬಂದುದನ್ನು ಹಡಗುಗಳನ್ನು ತಪಾಸಿಸಿ ಪ್ರಮಾಣೀಕರಿಸುವ ಲಾಯ್ಡ್ಸ್ ರಿಜಿಸ್ಟರ್ ಸಂಸ್ಥೆ ಪರಿಶೀಲಿಸಿ ದೃಢಪಡಿಸಿತು. 'ಪಿಕ್ಸಿಸ್ ಓಷನ್' ಎಂಬ ಸರಕು ಹಡಗಿಗೆ 37.5 ಮೀಟರ್ ಎತ್ತರದ ಎರಡು ಗಟ್ಟಿ ಹಾಯಿಗಳನ್ನು ಕೂರಿಸಿ 2023ರ ಆಗಸ್ಟ್‌ನಿಂದ ಆರು ತಿಂಗಳು ಪರೀಕ್ಷಿಸಿದಾಗ ದಿನಕ್ಕೆ ಸರಾಸರಿ 3 ಟನ್ ಇಂಧನ ಉಳಿಯಿತೆಂದು ಅದನ್ನು ಬಾಡಿಗೆಗೆ ಪಡೆದಿದ್ದ ಕಾರ್ಗಿಲ್ ಸಂಸ್ಥೆ ಪ್ರಕಟಿಸಿತು. ಹಡಗಿನಲ್ಲಿ ಉರಿಸುವ ಒಂದು ಟನ್ ಎಣ್ಣೆಯಿಂದ ಸುಮಾರು 3.1 ಟನ್ ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ, ದಿನಕ್ಕೆ ಮೂರು ಟನ್ ಇಂಧನ ಉಳಿದರೆ ಒಂಬತ್ತು ಟನ್ನಿಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ವಾತಾವರಣ ಸೇರುವುದು ತಪ್ಪುತ್ತದೆ. ಅದೇ ಹಡಗು ಅತ್ಯುತ್ತಮ ಗಾಳಿಯಲ್ಲಿ ದಿನಕ್ಕೆ 11 ಟನ್ ಉಳಿಸಿದ್ದೂ ಉಂಟು. ಪ್ರಚಾರದಲ್ಲಿ ಮುಂದೆ ನಿಲ್ಲುವುದು ಈ ದೊಡ್ಡ ಸಂಖ್ಯೆ; ಓದುಗರು ನಂಬಬೇಕಾದುದು ಸರಾಸರಿಯನ್ನು.

ಮಿತಿಗಳೂ ಇವೆ. ತಲೆಯ ಮೇಲೆ ಕಂಟೇನರುಗಳನ್ನೇ ಪೇರಿಸಿಕೊಂಡು ಸಾಗುವ ಹಡಗಿನಲ್ಲಿ ಹಾಯಿಗೆ ಜಾಗ ಸಿಗುವುದು ಕಷ್ಟ. ಸರಕು ಇಳಿಸುವ ಕ್ರೇನುಗಳಿಗೂ ಬಂದರಿನ ಸೇತುವೆಗಳಿಗೂ ಎತ್ತರದ ಕಂಬ ಅಡ್ಡಿಯಾಗುತ್ತದೆ, ಆದ್ದರಿಂದ ಮಡಿಸಬಲ್ಲ ಅಥವಾ ಮಲಗಿಸಬಲ್ಲ ಹಾಯಿಗಳು ಬೇಕಾಗುತ್ತವೆ. ಎಲ್ಲಕ್ಕಿಂತ ದೊಡ್ಡ ತೊಡಕು ಹಣದ್ದು. ಹಡಗನ್ನು ಬಾಡಿಗೆಗೆ ಹಿಡಿದಾಗ ಎಣ್ಣೆಯ ಖರ್ಚನ್ನು ಬಹುತೇಕ ಬಾಡಿಗೆದಾರರೇ ಕೊಡುತ್ತಾರೆ, ಹಾಯಿ ಹಾಕಿಸಬೇಕಾದವರು ಮಾಲೀಕರು. ಹಣ ಹಾಕಿದವರಿಗೆ ಲಾಭ ಸಿಗದ ಈ ಏರ್ಪಾಡನ್ನು ಒಪ್ಪಂದಗಳಲ್ಲಿಯೇ ಸರಿಪಡಿಸದಿದ್ದರೆ ಎಷ್ಟು ಒಳ್ಳೆಯ ತಂತ್ರವಿದ್ದರೂ ಅದು ಕೆಲವೇ ಹಡಗುಗಳಲ್ಲಿ ಉಳಿದುಬಿಡುತ್ತದೆ. ವೇಗವನ್ನು ತುಸು ತಗ್ಗಿಸಿದರೆ ಎಂಜಿನ್ನಿಗೆ ಬೇಕಾದ ಶಕ್ತಿ ಬಹಳಷ್ಟು ಇಳಿಯುತ್ತದೆ, ಆಗ ಅದೇ ಗಾಳಿ ಕೊಡುವ ನೆರವಿನ ಪಾಲು ಹಿಗ್ಗುತ್ತದೆ. ಇದಕ್ಕೂ ಬೇಕಾದುದು ಯಂತ್ರವಲ್ಲ, ತಡವಾಗಿ ಬರುವ ಸರಕನ್ನು ಒಪ್ಪಿಕೊಳ್ಳುವ ಕರಾರು.

ಬಯಲುಸೀಮೆಗೂ ಇದಕ್ಕೂ ಇರುವ ನಂಟನ್ನು ತಮ್ಮೂರಿನ ಗೊಬ್ಬರದಂಗಡಿಯಲ್ಲಿಯೇ ನೋಡಬಹುದು. ದಾವಣಗೆರೆ ಸೀಮೆಯ ಮೆಕ್ಕೆಜೋಳಕ್ಕೆ ಹಾಕುವ ಪೊಟ್ಯಾಷ್ ವಿದೇಶದಿಂದ ಹಡಗಿನಲ್ಲಿಯೇ ಬರಬೇಕು. ಅದರ ಸಾಗಾಣಿಕೆಯ ಖರ್ಚನ್ನು ರೈತರೋ, ಸಬ್ಸಿಡಿ ಕೊಡುವ ಸರ್ಕಾರವೋ ತೆರಲೇಬೇಕು. ಗೊಬ್ಬರ, ಧಾನ್ಯ, ಕಲ್ಲಿದ್ದಲು, ಅದಿರುಗಳನ್ನು ಹೊರುವ ಹಡಗುಗಳ ಮೇಲ್ಭಾಗ ತೆರವಾಗಿರುವುದರಿಂದ ಹಾಯಿ ಹೆಚ್ಚು ಒಗ್ಗುವುದೂ ಅವುಗಳಿಗೇ. ಬ್ರೆಜಿಲಿನ ಅದಿರನ್ನು ಚೀನಾಕ್ಕೆ ಸಾಗಿಸಲೆಂದು 2021ರಲ್ಲಿ ಕಡಲಿಗಿಳಿದ 'ಸೀ ಝೌಶಾನ್' ಹಡಗಿನಲ್ಲಿ ಮಲಗಿಸಬಲ್ಲ ಐದು ರೋಟರುಗಳಿವೆ. ಕಬ್ಬಿಣದ ಅದಿರಿನ ಲಾರಿಗಳನ್ನು ದಿನವೂ ಕಾಣುವ ಚಿತ್ರದುರ್ಗದವರಿಗೆ ಇದು ಪರಕೀಯ ವಿಷಯವೆಂದು ನನಗೆ ಅನ್ನಿಸುವುದಿಲ್ಲ. ಹೆದ್ದಾರಿಯಲ್ಲಿ ಸಾಗುವ ಗಾಳಿಯಂತ್ರದ ರೆಕ್ಕೆಗಳನ್ನು ಕಂಡವರಿಗೆ ಇನ್ನೊಂದು ಸಂಗತಿ: ಅಂಥ ಬಿಡಿಭಾಗಗಳನ್ನು ಸಾಗಿಸಲೆಂದೇ ಜರ್ಮನಿಯ ಎನರ್ಕಾನ್ ಕಂಪನಿ 2010ರಲ್ಲಿ 'ಇ-ಶಿಪ್ 1' ಎಂಬ ಹಡಗನ್ನು ಬಳಕೆಗೆ ತಂದಿತು; ಅದರಲ್ಲಿಯೂ ನಾಲ್ಕು ರೋಟರುಗಳಿವೆ.

ಜಗತ್ತಿನ ಒಟ್ಟು ಹಸಿರುಮನೆ ಅನಿಲಗಳಲ್ಲಿ ಹಡಗುಗಳ ಪಾಲು ಶೇ. 3ರ ಆಸುಪಾಸಿನಲ್ಲಿದೆ. 2050ರ ವೇಳೆಗೆ ಅದನ್ನು ನಿವ್ವಳ ಶೂನ್ಯಕ್ಕೆ ತರಬೇಕೆಂದು ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2023ರಲ್ಲಿ ಗುರಿ ಇಟ್ಟುಕೊಂಡಿತು. ಹಡಗಿನ ಹೊಗೆಗೆ ಬೆಲೆ ಕಟ್ಟುವ ಕರಡು ನಿಯಮಗಳಿಗೆ 2025ರ ಏಪ್ರಿಲ್‌ನಲ್ಲಿ ಒಪ್ಪಿಗೆ ದೊರೆತರೂ, ಅಕ್ಟೋಬರ್‌ನಲ್ಲಿ ಅಂತಿಮ ಅಂಗೀಕಾರವನ್ನು ಒಂದು ವರ್ಷ ಮುಂದೂಡಲಾಯಿತು. ಈ ಮುಂದೂಡಿಕೆ ನನಗೆ ತೀವ್ರ ಬೇಸರ ತಂದಿದೆ. ಎಣ್ಣೆಯ ಬೆಲೆ ಇಳಿದದ್ದೇ ಹಾಯಿಯನ್ನು ಕಳಚಿಟ್ಟ ಹಳೆಯ ಕಥೆ ಮತ್ತೊಮ್ಮೆ ನಡೆಯದಂತೆ ತಡೆಯಬಲ್ಲದ್ದು ಅಂಥ ನಿಯಮವೊಂದೇ. ಐರೋಪ್ಯ ಒಕ್ಕೂಟ ಮಾತ್ರ 2024ರಿಂದ ತನ್ನ ಬಂದರುಗಳಿಗೆ ಬರುವ ದೊಡ್ಡ ಹಡಗುಗಳ ಇಂಗಾಲಕ್ಕೆ ಶುಲ್ಕ ವಿಧಿಸುತ್ತಿದೆ; 2025ರಿಂದ ಜಾರಿಯಲ್ಲಿರುವ ಅದರ ಇಂಧನ ನಿಯಮದಲ್ಲಿ ಗಾಳಿಯ ನೆರವು ಪಡೆಯುವ ಹಡಗುಗಳಿಗೆ ರಿಯಾಯಿತಿಯೂ ಇದೆ.

— ಸಂಪಾದಕ