ಟೊಮೆಟೊ ಕಾಯಿಯ ತಳ ಕಪ್ಪಾಗುವುದೇಕೆ?

ಪ್ರಶ್ನೆ: ಜಮಖಂಡಿ ಹತ್ತಿರ ಎರೆ ಹೊಲದಲ್ಲಿ ಟೊಮೆಟೊ ಹಾಕಿದ್ದೇವೆ. ಹತ್ತು ದಿನಕ್ಕೊಮ್ಮೆ ನೀರು ಹಾಯಿಸುತ್ತೇವೆ. ಕಾಯಿಯ ತಳ ಕಪ್ಪಾಗಿ ಕುಳಿ ಬೀಳುತ್ತಿದೆ. ಎರಡು ಸಲ ಶಿಲೀಂಧ್ರನಾಶಕ ಹೊಡೆದರೂ ನಿಂತಿಲ್ಲ.
— ರೈತರೊಬ್ಬರು, ಬಾಗಲಕೋಟೆ ಜಿಲ್ಲೆ

ಉತ್ತರ: ದಯವಿಟ್ಟು ಔಷಧ ನಿಲ್ಲಿಸಿ. ಇದು ಶಿಲೀಂಧ್ರದ ರೋಗವಲ್ಲ, ಕಾಯಿಯ ತಳಕ್ಕೆ ಕ್ಯಾಲ್ಸಿಯಂ (ಸುಣ್ಣದ ಅಂಶ) ತಲುಪುತ್ತಿಲ್ಲ. ಎರೆ ಮಣ್ಣಿನಲ್ಲಿ ಅದಕ್ಕೇನೂ ಬರವಿಲ್ಲ. ಆದರೆ ಅದು ನೀರಿನ ಜೊತೆಗೇ ಬೇರಿನಿಂದ ಮೇಲೇರಬೇಕು. ಎಲೆಗಳು ಹೆಚ್ಚು ನೀರು ಆವಿಯಾಗಿಸುವುದರಿಂದ ಬಹುಪಾಲು ಅತ್ತಲೇ ಹೋಗುತ್ತದೆ. ಮಣ್ಣು ಬಿರುಕು ಬಿಟ್ಟಾಗ ಕಾಯಿಗೆ ಸಿಗುವ ಅಷ್ಟಿಷ್ಟೂ ನಿಲ್ಲುತ್ತದೆ. ಆಮೇಲೆ ಒಮ್ಮೆಲೇ ನೀರು ತುಂಬಿಸಿದರೆ ಗಾಳಿಯಿಲ್ಲದೆ ಬೇರು ಉಸಿರುಗಟ್ಟಿ ಹೀರುವುದನ್ನೇ ಕಡಿಮೆ ಮಾಡುತ್ತದೆ. ನೀರು ನಿಂತ ಮಡಿಯಲ್ಲೂ ಗಿಡ ಬಾಡುವುದು ಇದಕ್ಕೇ.

ಗಿಡದ ಪಕ್ಕ 15 ಸೆಂ.ಮೀ. ಆಳದ ಮಣ್ಣು ತೆಗೆದು ಹಿಂಡಿ ನೋಡಿ. ಉಂಡೆಯಾಗಿಯೂ ಕೈಗೆ ಮೆತ್ತದಿದ್ದರೆ ಹದ. ಉದುರಿದರೆ ಅಂದೇ ನೀರು ಕೊಡಿ. ಹನಿ ನೀರಾವರಿ ಉತ್ತಮ. ಇಲ್ಲದಿದ್ದರೆ ಬೋದಿನ (ಸಾಲಿನ ದಿಣ್ಣೆಯ) ಅರ್ಧ ಎತ್ತರಕ್ಕಷ್ಟೇ, ಕಡಿಮೆ ದಿನಗಳ ಅಂತರದಲ್ಲಿ ಹಾಯಿಸಿ. ಕಬ್ಬಿನ ರವದಿ (ಒಣಗಿದ ಗರಿ) ಸುಡಬೇಡಿ, ಗಿಡದ ಸುತ್ತ ಮಣ್ಣಿನ ಮೇಲೆ 5ರಿಂದ 8 ಸೆಂ.ಮೀ. ದಪ್ಪ ಹೊದಿಸಿ. ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ 5 ಗ್ರಾಂ ಸಿಂಪಡಿಸಬಹುದು. ಎಲೆಗೆ ಬಿದ್ದದ್ದು ಕಾಯಿಗೆ ಇಳಿಯದು, ಎಳೆ ಕಾಯಿಯೇ ನೆನೆಯಬೇಕು. ಕಪ್ಪಾದ ಕಾಯಿ ಸರಿಹೋಗದು, ಕಿತ್ತುಬಿಡಿ.