ಬೂಷ್ಟು ಹಿಡಿದ ಗೋವಿನಜೋಳ ಎಮ್ಮೆಗಾದರೂ ಹಾಕಬಹುದೇ?

ಪ್ರಶ್ನೆ: ನಮ್ಮಲ್ಲಿ ಎರಡು ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಆಕಳು, ಒಂದು ಎಮ್ಮೆ ಇವೆ. ಶೆಡ್ಡಿನ ತಗಡು ಸೋರಿ ಆರು ಚೀಲ ಗೋವಿನಜೋಳ ನೆನೆದವು. ಎರಡು ಚೀಲಗಳಲ್ಲಿ ಹಸಿರು ಬೂಷ್ಟು ಬಂದಿದೆ. ತೊಳೆದು, ಬಿಸಿಲಿಗೆ ಒಣಗಿಸಿ ಎಮ್ಮೆಗಾದರೂ ಹಾಕಬಹುದೇ? ಹಾಲನ್ನು ಹೇಗೂ ಕಾಯಿಸಿಯೇ ಕುಡಿಯುತ್ತೇವೆ.
– ರೈತ, ಗೋಕಾಕ ತಾಲ್ಲೂಕು

ಉತ್ತರ: ಬೇಡ, ಎಮ್ಮೆಗೂ ಬೇಡ. ‘ಎಮ್ಮೆ ಏನು ತಿಂದರೂ ಅರಗಿಸಿಕೊಳ್ಳುತ್ತದೆ’ ಎಂಬ ಮಾತನ್ನು ಅಥಣಿಯಿಂದ ಮುಧೋಳದವರೆಗೂ ಕೇಳಿದ್ದೇನೆ. ಪಾಪ, ಮನೆಯಲ್ಲಿ ಕೆಟ್ಟದ್ದೆಲ್ಲ ಅದರ ಪಾಲಿಗೇ.

ಆ ಹಸಿರು ಬೂಷ್ಟು ಆಸ್ಪರ್ಜಿಲಸ್ ಜಾತಿಯದ್ದಾಗಿದ್ದರೆ ಕಾಳಿನೊಳಗೆ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಟ್ಟಿರಬಹುದು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಿಸಿಲಿಗೆ ಬೂಷ್ಟು ಸಾಯುತ್ತದೆ, ವಿಷ ಉಳಿಯುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗಲೇ ಇದು ಬೆಳಕಿಗೆ ಬಂದದ್ದು. ಮೂಲ ಹುಡುಕಿದರೆ ಸಿಕ್ಕಿದ್ದು ಶೇಂಗಾ ಹಿಂಡಿ. ನಮ್ಮಲ್ಲಿ ಹತ್ತಿಕಾಳು ಹಿಂಡಿಗೂ ಇದೇ ಕಾಟ.

ಹಾಲಿನ ಲೆಕ್ಕ ನೋಡಿ. ಕೆ.ಜಿ.ಗೆ 100 ಮೈಕ್ರೋಗ್ರಾಂ (ಗ್ರಾಂನ ಹತ್ತು ಲಕ್ಷದ ಒಂದು ಪಾಲು ಒಂದು ಮೈಕ್ರೋಗ್ರಾಂ) ವಿಷವಿರುವ ಆಹಾರವನ್ನು ಆಕಳು ದಿನಕ್ಕೆ 5 ಕೆ.ಜಿ. ತಿಂದರೆ ಹೊಟ್ಟೆಗೆ ಹೋಗುವುದು 500 ಮೈಕ್ರೋಗ್ರಾಂ. ಅದರಲ್ಲಿ ಶೇ 2ರಷ್ಟು ಹಾಲಿಗೆ ಇಳಿದರೂ 10 ಮೈಕ್ರೋಗ್ರಾಂ ಆಯಿತು. ಹತ್ತು ಲೀಟರ್ ಹಿಂಡುವ ಆಕಳಾದರೆ ಲೀಟರಿಗೆ ಒಂದು. ನಮ್ಮ ದೇಶದಲ್ಲಿ ಹಾಲಿಗೆ ಇರುವ ಮಿತಿ ಕೆ.ಜಿ.ಗೆ 0.5 ಮೈಕ್ರೋಗ್ರಾಂ ಮಾತ್ರ, ಅಂದರೆ ಈ ಹಾಲಿನಲ್ಲಿರುವ ವಿಷ ಅದರ ಎರಡು ಪಟ್ಟು. ಹೆಚ್ಚು ಹಾಲು ಕೊಡುವ ಆಕಳಲ್ಲಿ ಇಳಿಯುವ ಪಾಲು ಇನ್ನೂ ಹೆಚ್ಚು. ಕಾಯಿಸಿದರೂ, ಹೆಪ್ಪು ಹಾಕಿದರೂ ಇದು ಹೋಗುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಈಗಾಗಲೇ ಹಾಕಿದ್ದರೆ ಇಂದೇ ನಿಲ್ಲಿಸಿ. ಸಾಮಾನ್ಯವಾಗಿ ಮೂರ್ನಾಲ್ಕು ದಿನಗಳಲ್ಲಿ ಹಾಲಿನಿಂದ ವಿಷ ಹೋಗುತ್ತದೆ. ಅಲ್ಲಿಯವರೆಗಿನ ಹಾಲನ್ನು ಮನೆಗೂ ಬಳಸಬೇಡಿ, ಡೇರಿಗೂ ಹಾಕಬೇಡಿ, ಕರುವಿಗೂ ಕುಡಿಸಬೇಡಿ. ಮೇವು ಬಿಡುವುದು, ಹಾಲು ಇಳಿಯುವುದು, ಭೇದಿ ಕಂಡರೆ ಪಶುವೈದ್ಯರನ್ನು ಕರೆಸಿ.

ಉಳಿದ ನಾಲ್ಕು ಚೀಲಗಳಲ್ಲಿ ಬೂಷ್ಟು ಕಾಣುತ್ತಿಲ್ಲವೆಂದು ನೆಮ್ಮದಿಯಾಗಿರಬೇಡಿ. ಮೊದಲು ಅವನ್ನು ಸುರುವಿ ತೆಳ್ಳಗೆ ಹರವಿ ಒಣಗಿಸಿ. ಒಣಗಿದೆಯೇ ಎಂದು ತಿಳಿಯಲು ಒಣ ಗಾಜಿನ ಬಾಟಲಿಯಲ್ಲಿ ಎರಡು ಹಿಡಿ ಕಾಳು, ಒಂದು ಚಮಚ ಚೆನ್ನಾಗಿ ಒಣಗಿದ ಉಪ್ಪು ಹಾಕಿ ಮುಚ್ಚಿ ಕುಲುಕಿ, ಹತ್ತು ನಿಮಿಷ ಇಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವ ಶೇ 15ಕ್ಕಿಂತ ಹೆಚ್ಚಿದೆ ಎಂದರ್ಥ. ಅಂಟದಿದ್ದರೂ ಇನ್ನೊಂದೆರಡು ಬಿಸಿಲು ಕಾಣಿಸಿ, ಶೇ 12ಕ್ಕೆ ಇಳಿಯಬೇಕು. ಆಮೇಲೆ ಪ್ರತಿ ಚೀಲದ ಮೇಲೆ, ನಡುವೆ, ತಳದಿಂದ ಹಿಡಿ ಹಿಡಿ ತೆಗೆದು ಬೆರೆಸಿ, ಅರ್ಧ ಕೆ.ಜಿ.ಯನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ, ಪಶುವೈದ್ಯರ ಮೂಲಕ ಪರೀಕ್ಷೆಗೆ ಕಳಿಸಿ. ವಿಷ ಚೀಲದ ಒಂದು ಮೂಲೆಯಲ್ಲಷ್ಟೇ ಇರಬಹುದು, ಒಂದೇ ಹಿಡಿ ಕಾಳು ನಿಮ್ಮನ್ನು ಮೋಸಗೊಳಿಸೀತು. ದನದ ಆಹಾರಕ್ಕೆ ಮಿತಿ ಕೆ.ಜಿ.ಗೆ 20 ಮೈಕ್ರೋಗ್ರಾಂ.

ವಿಷ ಹೀರುವ ಪುಡಿಗಳು ಅಂಗಡಿಯಲ್ಲಿ ಸಿಗುತ್ತವೆ. ಬೆಂಟೊನೈಟ್ ಜೇಡಿಯಂಥವು ಒಂದಿಷ್ಟು ವಿಷವನ್ನು ಹಿಡಿದಿಡುವುದು ನಿಜ, ಆದರೆ ಅದನ್ನು ನಂಬಿ ಬೂಷ್ಟಿನ ಕಾಳು ಹಾಕುವುದಕ್ಕೆ ನಾನು ಒಪ್ಪುವುದಿಲ್ಲ.

ಕೆಟ್ಟ ಎರಡು ಚೀಲಗಳನ್ನು ತಿಪ್ಪೆಗೆ ಎಸೆಯಬೇಡಿ. ಕೋಳಿಗಳು ಕೆದರಿ ತಿನ್ನುತ್ತವೆ, ಈ ವಿಷಕ್ಕೆ ಅವು ದನಗಳಿಗಿಂತ ಬೇಗ ಬೀಳುತ್ತವೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬಾವಿಯಿಂದ ದೂರ ಗುಂಡಿ ತೋಡಿ ಹೂಳಿ.