ಹುಡುಗರಿಂದ ಬಾಂಡ್ ಬರೆಸಿಕೊಳ್ಳಲಾ, ಸಿಎನ್‌ಸಿ ತಗೊಳ್ಳಲಾ?

ಕೆಲಸ ಕಲಿಸಿದ ಮೇಲೆ ಹುಡುಗರು ಪುಣೆಗೆ ಹೋಗ್ತಾರೆ, ಇಂತಿಷ್ಟು ದಿನ ಬಿಡಲ್ಲ ಅಂತ ಬಾಂಡ್ ಬರೆಸಲಾ ಅಥವಾ ಕಲಿಸುವ ದುಡ್ಡನ್ನು ಸಿಎನ್‌ಸಿಗೆ, ಅಂದರೆ ಕಂಪ್ಯೂಟರ್ ನಡೆಸುವ ಮಷೀನಿಗೆ ಹಾಕಲಾ ಅಂತ ಕೇಳಿದ್ದೀರಿ. ನಂದೂ ಹುಬ್ಬಳ್ಳಿ ಗೋಕುಲ ರೋಡಿನಲ್ಲಿ ವಾಲ್ವ್ ಮಾಡುವ ಸಣ್ಣ ಘಟಕ. ಬಾಂಡೂ ಬರೆಸಿದೆ, ಮಷೀನೂ ತಂದೆ. ಎರಡೂ ಕೈಹಿಡಿಯಲಿಲ್ಲ.

ನಮ್ಮಲ್ಲಿ ಒಬ್ಬ ಹಳೆಯ ಫಿಟ್ಟರ್ ಇದ್ದರು, ಎಲ್ಲರಿಗೂ ಕಾಕಾ. ಸೀಟ್ ಲ್ಯಾಪಿಂಗ್, ಅಂದರೆ ವಾಲ್ವ್ ಮುಚ್ಚಿದಾಗ ಸೋರದ ಹಾಗೆ ಒಳಗಿನ ಮುಚ್ಚುವ ಜಾಗವನ್ನು (ಸೀಟ್) ಪೇಸ್ಟ್ ಹಾಕಿ ಉಜ್ಜಿ ನಯ ಮಾಡೋದು, ಅವರದೇ. ಯಾವ ಪೇಸ್ಟ್ ಮೊದಲು, ಎಷ್ಟು ಒತ್ತಬೇಕು, ಯಾವ ಫೌಂಡ್ರಿಯ ಎರಕದಲ್ಲಿ ಎಲ್ಲಿ ತೂತು ಬೀಳುತ್ತೆ, ಎಲ್ಲ ಅವರ ತಲೆಯಲ್ಲಿ. ಬರೆದಿಡೋಣ ಅಂದರೆ "ಅದು ಕೈಗೆ ತಿಳೀಬೇಕ್ರೀ ಸಾಹೇಬ್ರ" ಅನ್ನೋರು. ನಾನೂ ಸುಮ್ಮನಾದೆ. ಡೆಲಿವರಿ ಅವಸರ ಅನ್ನೋದು ನೆಪ. ಅವರ ಪಕ್ಕ ಒಬ್ಬ ಹುಡುಗನನ್ನು ದಿನಾ ಒಂದು ತಾಸು ನಿಲ್ಲಿಸಿದರೆ ಆ ತಾಸಿನ ಪ್ರೊಡಕ್ಷನ್ ಹೋಗುತ್ತೆ ಅಂತ ಲೆಕ್ಕ ಹಾಕಿದ್ದೆ. ಅದರ ಬದಲು ಹುಡುಗರನ್ನು ಹೊರಗಿನ ಕೋರ್ಸಿಗೆ ಕಳಿಸಿ, ಸರ್ಟಿಫಿಕೇಟ್ ಗೋಡೆಗೆ ಹಾಕಿದೆ. ಕಾಕಾ ಮೊಣಕಾಲು ನೋವು ಅಂತ ನವಲಗುಂದದ ಕಡೆ ತಮ್ಮ ಊರಿಗೆ ಹೋದರು. ಮುಂದಿನ ಲಾಟ್ ಹೈಡ್ರೋ ಟೆಸ್ಟಿಗೆ (ನೀರು ತುಂಬಿ ಒತ್ತಡ ಕೊಟ್ಟು ನೋಡೋದು) ಹಾಕಿದರೆ ಬಾಡಿ ವಾಲ್ವಿನ ನಿಗದಿತ ಒತ್ತಡದ 1.5 ಪಟ್ಟು ತಡೆಯಿತು, ಸೀಟ್ ಮಾತ್ರ 1.1 ಪಟ್ಟು ಒತ್ತಡಕ್ಕೇ ಸೋರಿತು. ಒಂದಲ್ಲ, ಲಾಟ್ ಪೂರ್ತಿ. ಮಾಲು ಉಳಿಯಿತು, ಗಿರಾಕಿ ಹೋದ. ಸಿಎನ್‌ಸಿ ಬಾಡಿ ಚೆನ್ನಾಗಿ ತಿರುವುತ್ತೆ, ಕಾಕಾನ ಲ್ಯಾಪಿಂಗ್ ಮಾಡಲ್ಲ.

ಇನ್ನು ಬಾಂಡ್. ಕೆಲಸ ಬಿಟ್ಟ ಮೇಲೆ ಬೇರೆ ಕಂಪನಿ ಸೇರಬೇಡ ಅನ್ನುವ ಷರತ್ತು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ನಿಲ್ಲಲ್ಲ. ಅವಧಿಗೆ ಮೊದಲೇ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನುವ ಷರತ್ತನ್ನು 2025ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ, ನಿಜ. ಆದರೆ ಅದು ಬ್ಯಾಂಕಿನ ಕೇಸು. ಐಟಿಐ ಹುಡುಗನ ಹಿಂದೆ ನೀವು ಕೋರ್ಟು ಅಲೀತೀರಾ? ಮೂಲ ಮಾರ್ಕ್ಸ್‌ಕಾರ್ಡ್ ಇಟ್ಟುಕೊಳ್ಳೋದಂತೂ ಹೊಲಸು ಕೆಲಸ.

ನಿಮ್ಮ ಪ್ರಶ್ನೆಯೇ ಲೆಕ್ಕದ ಪುಸ್ತಕದಿಂದ ಹುಟ್ಟಿದ್ದು ಅನ್ಸುತ್ತೆ. ಮಷೀನ್ ಅಲ್ಲಿ ಆಸ್ತಿ, ಸವಕಳಿ ಸಿಗುತ್ತೆ, ಅದರ ಮೇಲೆ ಸಾಲವೂ ಹುಟ್ಟುತ್ತೆ. ಕಲಿಸಿದ್ದು ಮಾತ್ರ ಆ ವರ್ಷದ ಖರ್ಚು. ಹಾಗಾಗಿ ಅದು ದಂಡ ಅಂತ ಕಾಣುತ್ತೆ.

ಹುಡುಗರು ಹೋಗೋದು ಹೋಗ್ತಾರೆ. 4 ಜನ ಇದ್ದರೂ ಅಪ್ರೆಂಟಿಸ್ ತಗೋಬಹುದು, ಸ್ಟೈಪೆಂಡಿನಲ್ಲಿ ಸರ್ಕಾರದ್ದೂ ಪಾಲಿದೆ. ನಿಮ್ಮ ಶಾಪಿನಲ್ಲೂ ಒಬ್ಬ ಕಾಕಾ ಇರ್ತಾರೆ, ಅಲ್ವಾ? ಅವರ ಕೈಕೆಲಸವನ್ನು ಮೊಬೈಲಿನಲ್ಲಿ ತೆಗೀರಿ, ಕನ್ನಡದಲ್ಲೇ ಒಂದು ಹಾಳೆ ಬರೆಸಿ ಬೆಂಚಿನ ಮೇಲೆ ಅಂಟಿಸಿ. ಕಲಿಸಿದ್ದಕ್ಕೆ ಸಂಬಳದ ಮೇಲೆ ಬೇರೆ ದುಡ್ಡು ಕೊಡಿ. ಪುಕ್ಕಟೆ ಕೇಳಿದರೆ ಅವರೂ ಪೂರ್ತಿ ಹೇಳಲ್ಲ.